ಕಲ್ಲಿನ ಧೂಳು ಕುಡಿದ ಕತ್ತೆ

ಕಲ್ಲು ಕೊಯ್ಯುವ ಆತನನ್ನು ಬೀದಿಯವರೆಲ್ಲ ಕಿವುಡಣ್ಣ ಎನ್ನುತ್ತಿದ್ದರು. ಕಿವಿ ಚೆನ್ನಾಗಿಯೇ ಇತ್ತು. ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಅಷ್ಟೇ. ಮೆಟ್ಟಿಲುಗಲ್ಲು, ಹಾಸುಗಲ್ಲು, ಬಾಗಿಲ ಹೆಸರುಫಲಕ ಎಲ್ಲವೂ ಮನೆ ಹಿಂದಿನ ಶೆಡ್ಡಿನಲ್ಲೇ ತಯಾರಾಗುತ್ತಿದ್ದವು.

"ನೀರು ಬಿಟ್ಕೊಂಡು ಕೊಯ್ರೀ, ಧೂಳು ಏಳಲ್ಲ" ಎಂದು ಹೆಂಡತಿ ಹನ್ನೆರಡು ವರ್ಷದಿಂದ ಹೇಳುತ್ತಿದ್ದಳು. "ನೀರು ಬಿದ್ರೆ ಕೊಯ್ಯೋ ಗೆರೆ ಕಾಣಲ್ಲ ಕಣೇ" ಎಂದು ಅವನೂ ಹನ್ನೆರಡು ವರ್ಷದಿಂದ ಹೇಳುತ್ತಿದ್ದ.

ಕಲ್ಲು ಹೊರುವ ಕತ್ತೆಯನ್ನು ಕಟ್ಟುತ್ತಿದ್ದದ್ದೂ ಅದೇ ಶೆಡ್ಡಿನ ಮೂಲೆಯಲ್ಲಿ. ಸಂಜೆಯ ಹೊತ್ತಿಗೆ ಕತ್ತೆ, ಯಜಮಾನ ಇಬ್ಬರೂ ಒಂದೇ ಬಣ್ಣ. ಒಂದು ದಿನ ಏರು ಹತ್ತುವಾಗ ಕತ್ತೆ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು.

"ಮೈಗಳ್ಳ! ನಾಟಕ ಆಡ್ತಾನೆ" ಎಂದ. ನಾಟಕ ಬಯಲು ಮಾಡಲು ಮರುದಿನ ಗೋಡೆಯಾಚೆ ಅವಿತು ಕೂತ. ನೋಡುವವರಿಲ್ಲದಿದ್ದರೂ ಕತ್ತೆ ಕೆಮ್ಮಿತು. ಪಕ್ಕೆ ಎಳೆದೆಳೆದು ಉಸಿರಾಡಿತು. ಅವನು ಎದ್ದು ಪಶುವೈದ್ಯೆಗೆ ಹೇಳಿಕಳಿಸಿದ.

ಪಶುವೈದ್ಯೆ ಬಂದು ಕತ್ತೆಯ ಎದೆಗೆ ಕೊಳವೆಯಿಟ್ಟು ಆಲಿಸಿದಳು. ಮೇವಿನ ತೊಟ್ಟಿಯಲ್ಲಿ ಬೆರಳಾಡಿಸಿದಳು.

"ಹಿಟ್ಟು ಹಾಕ್ತೀರಾ?"

"ಇಲ್ಲಮ್ಮ, ಅದು ಕಲ್ಲುಪುಡಿ."

"ಇಷ್ಟು ವರ್ಷ ಅದನ್ನೇ ಉಸಿರಾಡಿದೆ. ಶ್ವಾಸಕೋಶದಲ್ಲಿ ಕೂತ ಧೂಳು ಈಚೆ ಬರಲ್ಲ. ಕೆಮ್ಮು ತಗ್ಗೋಕೆ ಔಷಧಿ ಕೊಡ್ತೀನಿ. ಇನ್ಮೇಲೆ ಹೊರೆ ಬೇಡ, ಈ ಶೆಡ್ಡೂ ಬೇಡ. ನೀವೂ ಒಮ್ಮೆ ಎದೆ ತೋರಿಸ್ಕೊಳ್ಳಿ."

"ನನಗೇನು, ಗುಂಡುಕಲ್ಲಿನ ಹಾಗೆ..." ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಮೂಲೆಯಿಂದ ಕತ್ತೆಯೂ ಕೆಮ್ಮಿತು. ವೈದ್ಯೆ ಇಬ್ಬರನ್ನೂ ನೋಡಿ, "ನಾನು ಒಬ್ಬರಿಗೆ ಮಾತ್ರ ಔಷಧಿ ಬರೀಬಹುದು" ಎಂದಳು.

ಅದೇ ಮಧ್ಯಾಹ್ನ ಅವನು ಪೈಪು ತಂದು ಕೊಯ್ಯುವ ಚಕ್ರಕ್ಕೆ ನೀರು ಹರಿಸಿದ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹನ್ನೆರಡು ವರ್ಷ ನಾನು ಬಾಯಿ ಬಡ್ಕೊಂಡೆ. ಕತ್ತೆ ಕೆಮ್ಮಿದ್ದೇ ತಡ, ನೀರು ಬಂತು!"

"ನೀನು ಕೆಮ್ಮಿರಲಿಲ್ವಲ್ಲ" ಎಂದು ಬಾಯಿತಪ್ಪಿ ಅಂದುಬಿಟ್ಟ. ಆ ದಿನ ಊಟ ತಾನೇ ಬಡಿಸಿಕೊಂಡ.

ಕತ್ತೆ ಮುಂದಿನ ಅಂಗಳಕ್ಕೆ ಬಂದು ಅವಳ ಹೂಗಿಡಗಳನ್ನು ಬುಡಸಮೇತ ಮೇಯ್ದಿತು. ಕಲ್ಲು ಸಾಗಿಸಲು ಕೈಗಾಡಿ ಬಂತು. ಅವನು ಗಾಡಿ ಎಳೆದರೆ, ಒಂಟಿಯಾಗಿರಲು ಒಪ್ಪದ ಕತ್ತೆ ಖಾಲಿ ಬೆನ್ನಲ್ಲಿ ಹಿಂದೆ ನಡೆಯುತ್ತಿತ್ತು. "ಅಣ್ಣಾ, ನಿಮ್ಮಿಬ್ಬರಲ್ಲಿ ಯಜಮಾನ ಯಾರು?" ಎಂದು ಸೈಕಲ್ ರಿಪೇರಿಯವನು ಕೂಗುತ್ತಿದ್ದ.

ಕೊನೆಗೆ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. "ಎಷ್ಟು ದಿನದಿಂದ ಕೆಮ್ಮು?" ಎಂದರು ಡಾಕ್ಟರು.

"ಇವರದು ಗೊತ್ತಿಲ್ಲ. ಕತ್ತೇದು ಮೂರು ತಿಂಗಳಿಂದ" ಎಂದಳು.

ಅವನ ಎದೆಯಲ್ಲೂ ಧೂಳು ಕೂತಿತ್ತು. ಪುಣ್ಯಕ್ಕೆ ಇನ್ನೂ ಸ್ವಲ್ಪವೇ. ಅಂದಿನಿಂದ ಬಾಯಿಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಶೆಡ್ಡಿಗೆ ಕಾಲಿಟ್ಟ. ಕತ್ತೆಯ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೂ ಇನ್ನೂ ನಾಲ್ಕು ವರ್ಷ ಬದುಕಿತು. ಚಳಿಯ ಬೆಳಗಿನಲ್ಲಿ ಅದು ಕೆಮ್ಮಿದರೆ, ಬೆಚ್ಚನೆಯ ನೀರಿನ ಬಕೆಟ್ ಹಿಡಿದು, ಬೈದುಕೊಳ್ಳುತ್ತಲೇ, ಮೊದಲು ಹೊರಗೆ ಬರುತ್ತಿದ್ದವಳು ಹೆಂಡತಿಯೇ.