ತೊಕಿಯೆ ಎತ್ತಿದ ಕೈ

ಉತ್ತರ ಜಪಾನಿನ ಆ ಬಂದರೂರಿನ ದವಾಖಾನೆ ಯಾವ ಸಾಹುಕಾರನದೂ ಅಲ್ಲ. ಊರಿನವರೇ ಪಾಲು ಹಾಕಿ ಕಟ್ಟಿಕೊಂಡದ್ದು, ಲಾಭ ಹಂಚದ ಸಹಕಾರಿ. ತೊಕಿಯೆ ಪ್ರಾಯದಿಂದಲೂ ತನ್ನ ಓಣಿಯ ಸದಸ್ಯೆಯರ ಮುಂದಾಳು. ತಿಂಗಳಿಗೊಮ್ಮೆ ಹೆಂಗಸರನ್ನು ಮನೆಯಲ್ಲಿ ಕೂರಿಸಿ, ರಕ್ತದೊತ್ತಡ ನೋಡಿ, ಉಪ್ಪು ಬಿಡಿ ಎಂದು ಗದರಿಸಿ, ಆಮೇಲೆ ಚಹಾದ ಜೊತೆ ಉಪ್ಪಿನ ಮೂಲಂಗಿಯನ್ನೇ ಮುಂದಿಡುತ್ತಿದ್ದಳು. ಏಳುವ ಮೊದಲು ಪಾಲಿನ ಹಣ ವಸೂಲಿ. ಅವಳಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಕ್ರಮೇಣ ಪಾಲುದಾರರು ಮುದುಕರಾದರು. ಸತ್ತವರ ಪಾಲನ್ನು ಮನೆಯವರಿಗೆ ಹಿಂದಿರುಗಿಸಬೇಕು, ಹೊಸದಾಗಿ ಸೇರುವವರಿಲ್ಲ. ಮಹಡಿಯ ಮೇಲಿನ ವಾರ್ಡು ಪ್ರತಿವರ್ಷವೂ ನಷ್ಟದಲ್ಲಿತ್ತು. ಅದನ್ನು ಮುಚ್ಚಿದರೆ ಕೆಳಗಿನ ದವಾಖಾನೆಯಾದರೂ ಇನ್ನಿಪ್ಪತ್ತು ವರ್ಷ ನಡೆದೀತು ಎಂದು ಅಧ್ಯಕ್ಷ ಮುರೋಯಿ ಲೆಕ್ಕ ಮುಂದಿಟ್ಟ.

ಆ ವಾರ್ಡಿನಲ್ಲೇ ತೊಕಿಯೆಯ ಗಂಡ ಸೇಕಿಚಿ ಮಲಗಿದ್ದ. ಹಳೆಯ ಮೀನುಗಾರ, ಇನ್ನು ಏಳುವವನಲ್ಲ. ದೋಣಿಯ ಗೆಳೆಯರು ದಿನವೂ ಬಂದು ರೇಗಿಸಿ ನಗಿಸಿ ಹೋಗುತ್ತಿದ್ದರು. ಅವನು ಕೇಳಿಕೊಂಡದ್ದು ಒಂದೇ.

"ಇವ್ಳೇ, ನನ್ನ ಬೇರೆ ಊರಿಗೆ ಸಾಗಿಸ್ಬೇಡ ಕಣೆ. ಇಲ್ಲೇ ಕಣ್ಮುಚ್ತೀನಿ."

ಅವಳು ಹೂಂ ಅಂದಿದ್ದಳು.

ಆ ಊರಲ್ಲಿ ಯಾವುದೂ ಸಭೆಯಲ್ಲಿ ತೀರ್ಮಾನವಾಗುವುದಿಲ್ಲ. ಮೊದಲೇ ಮನೆಮನೆಗೆ ಹೋಗಿ, ಚಹಾ ಕುಡಿಯುತ್ತ, ಒಬ್ಬರ ಮನಸ್ಸನ್ನು ಇನ್ನೊಬ್ಬರು ತಿಳಿದುಕೊಂಡಿರುತ್ತಾರೆ. ಈ ಸಲ ತೊಕಿಯೆಯ ಬಾಗಿಲಿಗೆ ಯಾರೂ ಬರಲಿಲ್ಲ. ಎಲ್ಲರೂ ಮುಚ್ಚಲು ಒಪ್ಪಿದ್ದಾರೆ, ನನಗೆ ಮುಖ ತೋರಿಸಲಾರದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಳು. ಜನ್ಮವಿಡೀ ಊರಿಗಾಗಿ ಕೈಚಾಚಿದವಳು ಈಗ ಸ್ವಂತ ಗಂಡನಿಗಾಗಿ ಅಡ್ಡ ಬಂದರೆ ಹೇಗೆ? ಸಭೆಯಲ್ಲಿ ಮುರೋಯಿ, ಮುಚ್ಚಲು ಒಪ್ಪಿಗೆಯಿದ್ದವರು ಕೈ ಎತ್ತಿ ಎಂದಾಗ ಅವಳ ಕೈಯೇ ಮೊದಲು ಎದ್ದಿತು. ಸ್ವಲ್ಪ ತಡೆದು ಉಳಿದ ಕೈಗಳೂ ಎದ್ದವು.

ಸೇಕಿಚಿಯನ್ನು ಬೆಟ್ಟದಾಚೆಯ ನಗರಕ್ಕೆ ಸಾಗಿಸಿದರು. ಅವನ ಬಂದರಿನ ಆಡುಮಾತು ಅಲ್ಲಿಯ ನರ್ಸುಗಳಿಗೆ ತಿಳಿಯುತ್ತಿರಲಿಲ್ಲ. ಅವನು ಮಾತೇ ಬಿಟ್ಟ. ಹೆಂಡತಿಯನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಅವಳ ಎದೆಭಾರ ಸ್ವಲ್ಪ ಇಳಿಯುತ್ತಿತ್ತು. ಅವಳು ಇನ್ನೂ ದಾರಿಯಲ್ಲಿ, ಬಸ್ಸಿನಲ್ಲಿದ್ದಾಗ, ಅವನು ಹೋಗಿಬಿಟ್ಟ.

ಅವನ ಫೋಟೊದ ಮುಂದೆ ಧೂಪ ಹಚ್ಚಲು ಬಂದ ಪಕ್ಕದ ಮನೆಯ ಹಿಸಾನೊ ಕೈಮುಗಿದು ಕೂತವಳು ಏಳಲೇ ಇಲ್ಲ.

"ತೊಕಿಯೆ-ಸಾನ್, ವಾರ್ಡು ಮುಚ್ಚೋದು ನಮ್ ಓಣೀಲಿ ಯಾರಿಗೂ ಬೇಕಿರ್ಲಿಲ್ಲ. ನೀವು ಕೈ ಎತ್ತದಿದ್ರೆ ನಾವೂ ಎತ್ತಬಾರ್ದು ಅಂತಿದ್ವಿ. ನಿಮ್ಮನೆಯವ್ರು ಹಾಗೆ ಮಲಗಿರೋವಾಗ ಬಂದು ಕೇಳೋದು ಹ್ಯಾಗೆ ಅಂತ ಸುಮ್ನಾದ್ವಿ, ಅಷ್ಟೇ. ಕೊನೆಗೆ ನೀವೇ ಎತ್ತಿದ್ರಿ."

ಆ ಊರಿನ ಸಂಕೋಚಕ್ಕಿಷ್ಟು ಬೆಂಕಿ ಹಾಕ! ತೊಕಿಯೆ ಗಂಡನ ಫೋಟೊದತ್ತ ತಿರುಗಿದಳು. ಹಿಸಾನೊಳ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ದುಃಖದ ನಡುವೆ ಅದಕ್ಕೆ ಜಾಗವೇ ಉಳಿದಿರಲಿಲ್ಲ.

"ಇಷ್ಟು ದೊಡ್ಡ ಊರಲ್ಲಿ ತನಗೇನು ಬೇಕು ಅಂತ ಬಾಯಿಬಿಟ್ಟು ಕೇಳಿದೋರು ಇವ್ರೊಬ್ರೇ ಕಣೆ," ಎಂದಳು ಫೋಟೊ ತೋರಿಸಿ.