ಎರಡು ‘ಫ್ಲೋ’

ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಅಕ್ಕನಾಗಮ್ಮ ಧಾರವಾಡದಲ್ಲಿ ಗಣಿತ ಓದಿ, ಹೊಸಪೇಟೆಯ ನೀರಾವರಿ ಸಂಶೋಧನಾ ಕಚೇರಿಯೊಂದಕ್ಕೆ ಸೇರಿದಾಗ ಅಲ್ಲಿ ಲೆಕ್ಕಗಳೆಲ್ಲ ಕೈಯಲ್ಲೇ ನಡೆಯುತ್ತಿದ್ದವು. ಎಂಬತ್ತರ ದಶಕದ ನಡುವೆ ಕಂಪ್ಯೂಟರ್ ಬಂತು. ಕಾಲುವೆಯಲ್ಲಿ ನೀರು ಎಷ್ಟು ಎತ್ತರ ನಿಂತರೆ ಎಷ್ಟು ಹರಿದುಹೋಗುತ್ತದೆಂದು ಹೇಳುವ ಪ್ರೋಗ್ರಾಮೊಂದನ್ನು ಬರೆದು ಆಕೆ ‘ಫ್ಲೋ’ ಎಂದು ಹೆಸರಿಟ್ಟಳು. ಅದಕ್ಕಾಗಿ ವರ್ಷಗಟ್ಟಲೆ ಕಾಲುವೆ ದಂಡೆಯಲ್ಲಿ ನಿಂತು ಅಳತೆ ತೆಗೆದಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಈ ಕೆಲಸ ಮುಗಿಯಲಿ ಎನ್ನುತ್ತಿದ್ದಳು. ಕೊನೆಗೆ ಮನೆಯವರು ಕೇಳುವುದನ್ನೇ ಬಿಟ್ಟರು.

ಇಂಥ ಪ್ರೋಗ್ರಾಮುಗಳನ್ನೆಲ್ಲ ಒಂದೆಡೆ ಕೂಡಿಟ್ಟು ಲೈಬ್ರರಿ ಎನ್ನುತ್ತಿದ್ದರು. ಸಂಡೂರಿನ ಗಣಿ ಪ್ರಯೋಗಾಲಯವೊಂದರವರೂ ಅದನ್ನು ಬಳಸುತ್ತಿದ್ದರು, ತಾವು ಬರೆದದ್ದನ್ನು ಅದಕ್ಕೇ ಸೇರಿಸುತ್ತಿದ್ದರು. ಒಂದೇ ಹೆಸರಿನವು ಎರಡಿದ್ದರೆ ಯಂತ್ರ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ, ಯಾವುದೆಂದು ಕೇಳುವುದಿಲ್ಲ. ಅಕ್ಕನಾಗಮ್ಮನಿಗೆ ಇದರದೇ ಅಂಜಿಕೆ. ಲೈಬ್ರರಿ ನೋಡಿಕೊಳ್ಳುವ ಹಂಪಯ್ಯನ ಬಳಿ ಹೋದಳು.

“ಹೆಸರಿನ ಮುಂದ ಆಯಾ ಕಚೇರಿ ಗುರುತು ಹಾಕಸ್ರಿ. ಇಲ್ಲಂದ್ರ ಒಂದರ ಬದ್ಲಿ ಇನ್ನೊಂದು ಓಡತೈತಿ.”

ಹಂಪಯ್ಯ ಕೆಟ್ಟವನಲ್ಲ. ಹೆಸರು ಬದಲಿಸಿದರೆ ಅದನ್ನು ಬಳಸುವ ಹಳೆಯ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕು, ಅಷ್ಟು ಜನ ಎಲ್ಲಿದ್ದಾರೆ ಎಂದ. ಮೀಟಿಂಗಿನಲ್ಲಿ ಇಡೋಣ ಎಂದ. ಮೀಟಿಂಗು ಮುಂದಕ್ಕೆ ಹೋಗುತ್ತಲೇ ಇತ್ತು.

ಅಷ್ಟರಲ್ಲಿ ಸಂಡೂರಿನವರು ಕೊಳವೆಯಲ್ಲಿ ಅದಿರಿನ ಕೆಸರು ಹರಿಯುವ ಲೆಕ್ಕಕ್ಕೊಂದು ಪ್ರೋಗ್ರಾಮು ಸೇರಿಸಿದರು. ಅದಕ್ಕೂ ‘ಫ್ಲೋ’ ಎಂದೇ ಹೆಸರು. ಕಂಪ್ಲಿ ಸಮೀಪದ ಮೆಟ್ರಿ ಕಡೆಯ ಉಪಕಾಲುವೆಯ ಲೆಕ್ಕ ಹಾಕುವಾಗ ಓಡಿದ್ದು ಅದು. ಬಂದ ಅಂಕಿ ಹುಚ್ಚುಚ್ಚಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು. ನಂಬುವಷ್ಟೇ ಇತ್ತು, ತುಸು ಹೆಚ್ಚು. ಅವಳು ಸಹಿ ಹಾಕಿದಳು. ನೀರು ಬೇಕಾದ್ದಕ್ಕಿಂತ ಹೆಚ್ಚು ಹೋಗುತ್ತಿದೆಯೆಂದು ತೂಬಿನ ಬಾಗಿಲು ಇಳಿಸಿದರು. ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟಲಿಲ್ಲ. ಹಾಲು ತುಂಬುವ ಹೊತ್ತಿಗೆ ಭತ್ತ ಜೊಳ್ಳಾಯಿತು. ಮೆಟ್ರಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅವಳ ಅಣ್ಣ ಮರುಳಸಿದ್ದಪ್ಪನ ಗದ್ದೆಯೂ ಅಲ್ಲೇ ಇತ್ತು.

ತಪ್ಪು ಹುಡುಕಿ ತೆಗೆದವಳು ಅವಳೇ. ಮೆಟ್ರಿಗೆ ಹೋಗಿ ಅಣ್ಣನ ಮುಂದೆ ಎಲ್ಲ ಹೇಳಿದಳು. ಅವನು ಗೋಡೆಗೊರಗಿ ಕೇಳಿದ. ಎರಡಕ್ಕೆ ಒಂದೇ ಹೆಸರು ಯಾಕಿಟ್ಟರು ಎಂಬುದು ಮಾತ್ರ ಅವನ ತಲೆಗೆ ಹೋಗಲಿಲ್ಲ.

“ಸಹಿ ಮಾಡಿದಾಕಿ ನೀನ ಏನು?”

“ಹೌದಣ್ಣ.”

“ಹಂಗಾದ್ರ ಊರಾಗ ಯಾರಿಗೂ ಹೇಳಬ್ಯಾಡ. ನಾನೂ ಕೇಳಿಲ್ಲ ಅಂದ್ಕೋತೀನಿ.”

ಊಟದ ಹೊತ್ತಾಗಿತ್ತು. ಕುಂದ್ರು ಎಂದು ಅವನು ಅನ್ನಲಿಲ್ಲ.

ಆಮೇಲೆ ಮೀಟಿಂಗು ನಡೆಯಿತು. ಇನ್ನು ಮುಂದೆ ಹೆಸರಿಗೆ ಕಚೇರಿಯ ಗುರುತು ಹಾಕಬೇಕೆಂದು ಎಲ್ಲರೂ ಒಪ್ಪಿದರು, ಹಾಕಿದವಳು ಅಕ್ಕನಾಗಮ್ಮ ಒಬ್ಬಳೇ. ಗಣಿಯವರದನ್ನು ಬಳಸುವವರು ಹೆಚ್ಚಿದ್ದರಿಂದ ‘ಫ್ಲೋ’ ಎಂಬ ಹೆಸರು ಅದಕ್ಕೇ ಉಳಿಯಿತು. ತನ್ನದಕ್ಕೆ ಹೊಸ ಹೆಸರಿಟ್ಟು, ಅದನ್ನು ಬಳಸುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ತಾನೇ ಕೂತು ತಿದ್ದಿದಳು. ಆದರೆ ನೀರು ಬಿಡುವ ಅಧಿಕಾರಿಗಳು ಅಷ್ಟರಲ್ಲಿ ಕಂಪ್ಯೂಟರಿನ ಲೆಕ್ಕವೇ ಬೇಡವೆಂದು ಹಳೆಯ ಪದ್ಧತಿಗೆ ಮರಳಿದ್ದರು. ಅವಳ ಪ್ರೋಗ್ರಾಮು ಲೈಬ್ರರಿಯಲ್ಲೇ ಇತ್ತು, ಬೇಕೆನ್ನುವವರು ಇರಲಿಲ್ಲ. ಅವಳಿಗೆ ವರದಿಗಳನ್ನು ತಿದ್ದುವ ಕೆಲಸ ಕೊಟ್ಟರು. ಅವಳು ಬೇಡವೆನ್ನಲಿಲ್ಲ, ಬೇರೇನೂ ಕೇಳಲೂ ಇಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣನ ಮಗಳ ಮದುವೆಗೆ ಕರೆ ಬಂತು. ಚಪ್ಪರದಲ್ಲಿ ಬೀಗರ ಕಡೆಯ ಮುದುಕಿಯೊಬ್ಬಳು, ಕಚೇರಿಯಲ್ಲಿ ಏನು ಕೆಲಸ ಎಂದು ಅಕ್ಕನಾಗಮ್ಮನನ್ನು ಕೇಳಿದಳು. ಮರುಳಸಿದ್ದಪ್ಪ ಪಕ್ಕದಲ್ಲೇ ನಿಂತಿದ್ದ.

“ಟೈಪ್ ಮಾಡ್ತೀನ್ರಿ,” ಎಂದಳು.