ಸೋಪು ಹಚ್ಚಿದ ಮೇಲೆ ಡೆಡ್‌ಲಾಕ್

ಗೆಳೆಯರೇ, ಇವತ್ತು ಬೆಳಿಗ್ಗೆ ಮೈತುಂಬ ಸೋಪು ಹಚ್ಚಿಕೊಂಡಾಗ ನಲ್ಲಿಯಲ್ಲಿ ನೀರು ನಿಂತಿತು. ಟವೆಲ್ ಸುತ್ತಿಕೊಂಡು ಹೊರಬಂದರೆ ನಮ್ಮ ಕತ್ರಿಗುಪ್ಪೆ ಬಿಲ್ಡಿಂಗಿನ ಮೆಟ್ಟಿಲ ಬಳಿ ಜಗಳ. ಮೋಟರ್ ರೂಮಿನ ಕೀಲಿ ಮೇಲಿನ ಮನೆ ಆಂಟಿಯ ಕೈಯಲ್ಲಿ, ವಾಲ್ವ್ ತಿರುಗಿಸುವ ಸ್ಪ್ಯಾನರ್ ಕೆಳಗಿನ ಮನೆ ಅಂಕಲ್ ಕೈಯಲ್ಲಿ. ಎರಡೂ ಸೇರದೆ ಟ್ಯಾಂಕಿಗೆ ನೀರು ಏರುವುದಿಲ್ಲ. “ಮೊದ್ಲು ನೀವು ಕೊಡಿ” ಎಂದು ಇಬ್ಬರದೂ ಹಟ.

“ಕಂಪ್ಯೂಟರಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ ಅಂಕಲ್. ಅಲ್ಲಿ ಎಲ್ಲಾ ಪ್ರೋಗ್ರಾಮಿಗೂ ಕರ್ನಲ್ ಅಂತ ಒಬ್ಬ ಯಜಮಾನ ಇರ್ತಾನೆ. ಒಂದು ಪ್ರೋಗ್ರಾಮ್ ಹಿಡ್ಕೊಂಡಿದ್ದನ್ನ ಕಿತ್ಕೊಂಡು ಇನ್ನೊಂದಕ್ಕೆ ಕೊಡ್ತಾನೆ,” ಎಂದೆ.

“ಸ್ಕೂಲ್ ಬಿಟ್ಟೋನು ನಂಗೆ ಪಾಠ ಮಾಡ್ತೀಯ? ಯಾವುದರಿಂದ ಕಿತ್ಕೊತಾನೆ?” ಎಂದರು ಅಂಕಲ್.

“ಯಾವುದು ಅಷ್ಟು ಮುಖ್ಯ ಅಲ್ವೋ ಅದರಿಂದ.”

ಆಂಟಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಅಂಕಲ್ ಸ್ಪ್ಯಾನರ್ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೋಪು ಒರೆಸಿಕೊಂಡು ಕೆಲಸಕ್ಕೆ ಬಂದಿದ್ದೇನೆ, ಮೈಯೆಲ್ಲ ಕಡಿತ. ಕರ್ನಲ್ ಹೆಚ್ಚು ಮುಖ್ಯವಾದವರಿಂದಲೇ ಕಿತ್ತುಕೊಳ್ಳುತ್ತಾನೆ ಎಂದು ಸುಳ್ಳು ಹೇಳಿದ್ದರೆ ಇಬ್ಬರೂ ಓಡಿಬಂದು ಕೊಡುತ್ತಿದ್ದರು.